ಹೊಸದಾಗಿ ಓಡೋಕೆ ಶುರು ಮಾಡಿದ್ಮೇಲೆ ಕಣಕಾಲು ನೋವಾ? ಮೊದಲು ಎಲ್ಲಿ ನೋಯ್ತಿದೆ ಅಂತ ಬೆರಳಿಟ್ಟು ನೋಡಿ

ಓಡೋಕೆ ಶುರು ಮಾಡಿ ಮೂರೋ ನಾಲ್ಕೋ ವಾರ ಆಗಿರತ್ತೆ, ಮೊದಲ ದಿನಗಳ ಏದುಸಿರು ಕಮ್ಮಿಯಾಗಿ ಮೈ ಹಗುರ ಅನ್ಸೋಕೆ ಶುರುವಾಗಿರತ್ತೆ, ಇವತ್ತು ಇನ್ನೊಂದು ಕಿಲೋಮೀಟರ್ ಜಾಸ್ತಿ ಓಡೇಬಿಡೋಣ ಅನ್ನೋ ಹುಮ್ಮಸ್ಸು ಬಂದಿರತ್ತೆ, ಸರಿಯಾಗಿ ಆ ಹೊತ್ತಿಗೇ ಮಂಡಿಯಿಂದ ಕೆಳಗಿನ ಭಾಗ, ಅಂದ್ರೆ ಕಣಕಾಲು, ನೋಯೋಕೆ ಶುರು. ಹೊಸ ರನ್ನರ್ಸ್‌ನಲ್ಲಿ ಎಷ್ಟೋ ಜನ ಓಟ ಬಿಟ್ಟುಬಿಡೋದು ಇಲ್ಲೇ. ಸೋಮಾರಿತನದಿಂದಲ್ಲ, "ನನ್ನ ಕಾಲು ಓಡೋಕೆ ಲಾಯಕ್ಕಿಲ್ಲ" ಅಂತ ಅಂದ್ಕೊಂಡು. ಅದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ಈ ನೋವಲ್ಲಿ ಬಹುಪಾಲು ಸರಿ ಹೋಗೋ ಅಂಥದ್ದೇ.

ನನಗೆ ಬಂದಿದ್ದು ಐದನೇ ವಾರದಲ್ಲಿ. ಮೊದಲು ಓಟದ ಶುರುವಿನ ಹತ್ತು ನಿಮಿಷ ಮಾತ್ರ ನೋಯ್ತಿತ್ತು, ಮೈ ಬಿಸಿಯಾದ ಮೇಲೆ ಮಾಯ, ಸರಿ ಹೋಯ್ತು ಅಂದ್ಕೊಂಡು ಓಡ್ತಾನೇ ಇದ್ದೆ. ಇನ್ನೆರಡು ವಾರಕ್ಕೆ ಬೆಳಿಗ್ಗೆ ಎದ್ದು ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೊಂಡು ಒಂದೊಂದೇ ಹೆಜ್ಜೆ ಇಡೋ ಹಾಗಾಯ್ತು. ಆಮೇಲೆ ಪೂರ್ತಿ ಮೂರು ವಾರ ರೆಸ್ಟ್ ತಗೊಂಡೆ, ನೋವು ಒಂಚೂರೂ ಇಲ್ಲ, ಖುಷಿಯಿಂದ ಮತ್ತೆ ಅದೇ 5 ಕಿಲೋಮೀಟರ್‌ಗೆ ಹೋದೆ, ಎರಡನೇ ದಿನಕ್ಕೇ ನೋವು ವಾಪಸ್. ಆಗ ಅರ್ಥ ಆಗಿದ್ದು, ರೆಸ್ಟ್ ನೋವನ್ನ ಕಮ್ಮಿ ಮಾಡತ್ತೆ ಆದ್ರೆ ಕಾಲನ್ನ ಗಟ್ಟಿ ಮಾಡಲ್ಲ. ಎರಡೂ ಬೇರೆ ಬೇರೆ ಕೆಲಸ, ಮತ್ತೆ ಎರಡನ್ನೂ ಮಾಡ್ಬೇಕು.

ಉಸಿರು ಬೇಗ ರೆಡಿ, ಮೂಳೆ ನಿಧಾನ

ಹೃದಯ ಮತ್ತೆ ಶ್ವಾಸಕೋಶ ಕೆಲವೇ ವಾರದಲ್ಲಿ ಓಟಕ್ಕೆ ಹೊಂದ್ಕೊಳ್ಳತ್ತೆ. ಸ್ನಾಯು ಅದಾದ ಮೇಲೆ. ಮೂಳೆಗೆ, ಮತ್ತೆ ಸ್ನಾಯುವನ್ನ ಮೂಳೆಗೆ ಅಂಟಿಸೋ ಗಟ್ಟಿ ಪಟ್ಟಿ ಅಂದ್ರೆ ಟೆಂಡನ್‌ಗೆ ತಿಂಗಳುಗಟ್ಟಲೆ ಬೇಕು. ಮೂಳೆ ಅಂದ್ರೆ ಕಲ್ಲಿನ ಹಾಗೆ ಸುಮ್ನೆ ಇರೋ ವಸ್ತು ಅಲ್ಲ, ಅದು ದಿನಾ ರಿಪೇರಿ ಆಗ್ತಾ ಇರತ್ತೆ, ಹೊಸ ಭಾರ ಬಿದ್ದಾಗ ದೇಹ ಮೊದಲು ಅಲ್ಲಿನ ಹಳೇ ಮೂಳೆಯನ್ನ ಸ್ವಲ್ಪ ಸ್ವಲ್ಪ ಕೆತ್ತಿ ತೆಗೆಯತ್ತೆ, ಆಮೇಲೆ ಆ ಜಾಗದಲ್ಲಿ ಗಟ್ಟಿಯಾದ ಹೊಸ ಮೂಳೆ ಕಟ್ಟತ್ತೆ. ಕೆತ್ತೋ ಕೆಲಸ ಕೆಲವು ವಾರದಲ್ಲಿ ಮುಗಿಯತ್ತೆ, ಕಟ್ಟೋ ಕೆಲಸಕ್ಕೆ ಮೂರು ನಾಲ್ಕು ತಿಂಗಳು ಹಿಡಿಯತ್ತೆ. ಅಂದ್ರೆ ಮಧ್ಯದಲ್ಲಿ ಒಂದಷ್ಟು ವಾರ ಮೂಳೆ ಮೊದಲಿಗಿಂತ ಸ್ವಲ್ಪ ವೀಕ್ ಇರತ್ತೆ, ಮತ್ತೆ ನಿಮ್ಮ ಉಸಿರು ಚೆನ್ನಾಗಾಗಿ ಇನ್ನೂ ಜಾಸ್ತಿ ಓಡೋಣ ಅನ್ಸೋದೂ ಅದೇ ವಾರಗಳಲ್ಲೇ. ನೋವು ಸರಿಯಾಗಿ ಆ ಹೊತ್ತಿಗೇ ಬರೋಕೆ ಇದೊಂದು ದೊಡ್ಡ ಕಾರಣ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 160 ಹೆಜ್ಜೆ ಅಂದ್ರೆ ಅರ್ಧ ಗಂಟೆಗೆ 4,800 ಹೆಜ್ಜೆ, ಒಂದೊಂದು ಕಾಲಿಗೆ 2,400. ಪ್ರತಿ ಹೆಜ್ಜೆಗೂ ನೆಲದಿಂದ ಕಾಲಿಗೆ ಬರೋ ಬಲ ಮೈತೂಕದ ಎರಡರಿಂದ ಮೂರು ಪಟ್ಟು, 60 ಕೆಜಿ ಇರೋರಿಗೆ ಅದು 120ರಿಂದ 180 ಕೆಜಿ. ನಿನ್ನೆವರೆಗೂ ಕುರ್ಚಿ ಮೇಲೆ ಕೂತಿದ್ದ ಕಾಲಿಗೆ ವಾರಕ್ಕೆ ನಾಲ್ಕು ಸಲ ಇದನ್ನ ಕೊಟ್ರೆ ಅದು ಬೇಡ ಅನ್ನೋದ್ರಲ್ಲಿ ತಪ್ಪೇನಿಲ್ಲ.

ಹೆಬ್ಬೆರಳ ಪರೀಕ್ಷೆ

ಮಂಡಿ ಕೆಳಗೆ ಬರೋ ನೋವಿಗೆಲ್ಲ ಜನ ಶಿನ್ ಸ್ಪ್ಲಿಂಟ್ಸ್ ಅಂತ ಒಂದೇ ಹೆಸರು ಇಟ್ಟುಬಿಡ್ತಾರೆ, ಅಲ್ಲೇ ಎಡವಟ್ಟಾಗೋದು. ಒಂದೊಂದು ನೋವಿಗೂ ಮಾಡೋ ಕೆಲಸ ಬೇರೆ. ಹಾಗಾಗಿ ಇವತ್ತು ಸಾಯಂಕಾಲ ಐದು ನಿಮಿಷ ಕೂತು ಇದನ್ನ ಮಾಡಿ. ಪ್ಯಾಂಟ್ ಮಂಡಿವರೆಗೂ ಮಡಚಿ, ಕಾಲನ್ನ ಇನ್ನೊಂದು ಮಂಡಿ ಮೇಲೆ ಹಾಕ್ಕೊಂಡು ಸ್ನಾಯು ಸಡಿಲ ಬಿಡಿ. ಕಣಕಾಲ ಮೂಳೆಯ ಒಳಬದಿ, ಅಂದ್ರೆ ಇನ್ನೊಂದು ಕಾಲನ್ನ ನೋಡೋ ಬದಿ, ಅಲ್ಲಿ ಚರ್ಮದ ಕೆಳಗೇ ಮೂಳೆಯ ಒಂದು ಅಂಚು ಕೈಗೆ ಸಿಗತ್ತೆ. ಕಾಲು ಪಾದಕ್ಕೆ ಸೇರೋ ಜಾಗದಲ್ಲಿರೋ ಹರಡಿನ ಗಂಟಿನಿಂದ ಶುರು ಮಾಡಿ ಹೆಬ್ಬೆರಳಿಂದ ಆ ಅಂಚನ್ನ ಒತ್ತುತ್ತಾ ಒಂದೊಂದೇ ಬೆರಳಗಲ ಮೇಲಕ್ಕೆ ಹೋಗಿ. ಎರಡೂ ಕಾಲಿಗೂ ಮಾಡಿ.

ನಾನು ಮೊದಲ ಸಲ ಮಾಡಿದಾಗ ಹರಡಿನಿಂದ ನಾಲ್ಕು ಬೆರಳು ಮೇಲೆ ಶುರುವಾಗಿ ಹೆಚ್ಚುಕಮ್ಮಿ ಒಂದು ಅಂಗೈ ಉದ್ದಕ್ಕೆ ನೋವಿತ್ತು, ಹಳೇ ಪೆಟ್ಟಿನ ಮೇಲೆ ಒತ್ತಿದ ಹಾಗೆ, ಇಲ್ಲೇ ಅಂತ ಒಂದು ಜಾಗ ತೋರ್ಸೋಕೆ ಆಗ್ತಿರ್ಲಿಲ್ಲ, ಇಡೀ ಗೆರೆ ನೋಯ್ತಿತ್ತು. ಅದು ಶಿನ್ ಸ್ಪ್ಲಿಂಟ್ಸ್, ಡಾಕ್ಟರ್‌ಗಳು ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್ ಅನ್ನೋದು. ಮೂಳೆಯ ಒಳ ಅಂಚಲ್ಲಿ, ಸಾಮಾನ್ಯವಾಗಿ ಕೆಳಗಿನ ಅರ್ಧದಲ್ಲಿ, 5 ಸೆಂಟಿಮೀಟರ್‌ಗಿಂತ ಉದ್ದಕ್ಕೆ ಹರಡಿದ ನೋವು. ಶುರುವಲ್ಲಿ ನೋಯತ್ತೆ, ಓಡ್ತಾ ಓಡ್ತಾ ಕಮ್ಮಿ ಆಗತ್ತೆ, ಓಟ ಮುಗಿದ ಮೇಲೆ ಮತ್ತೆ ಮರುದಿನ ಬೆಳಿಗ್ಗೆ ಮತ್ತೆ ಬರತ್ತೆ. ಕಮ್ಮಿ ಆಗೋ ಆ ಮಧ್ಯದ ಭಾಗವೇ ನಮ್ಮನ್ನ ದಾರಿ ತಪ್ಪಿಸೋದು.

ಆದ್ರೆ ಹೆಬ್ಬೆರಳು ಒಂದೇ ಒಂದು ಬಿಂದುವಿನ ಮೇಲೆ ಹೋದಾಗ "ಅಯ್ಯೋ" ಅಂತ ಕಾಲು ಎಳ್ಕೊಳ್ಳೋ ಹಾಗಾದ್ರೆ, ಅದರ ಮೇಲೆ ಕೆಳಗೆ ಏನೂ ಇಲ್ಲ ಆ ನಾಣ್ಯದಷ್ಟು ಜಾಗದಲ್ಲಿ ಮಾತ್ರ ನೋವು ಅಂತಾದ್ರೆ, ಓಡ್ತಾ ಓಡ್ತಾ ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಿದ್ರೆ, ರಾತ್ರಿ ಮಲಗಿದಾಗ್ಲೂ ಒಳಗಿಂದ ಕೊರೆದ ಹಾಗೆ ನೋಯ್ತಿದ್ರೆ, ದಯವಿಟ್ಟು ಓಟ ಇವತ್ತೇ ನಿಲ್ಸಿ. ಅದು ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು, ಅಂದ್ರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು. ಡಾಕ್ಟರ್ ಹತ್ರ ಹೋಗಿ, ಹೋದಾಗ ಇದೊಂದು ನೆನಪಿಟ್ಕೊಳ್ಳಿ, ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಈ ಬಿರುಕು ಕಾಣಿಸದೇ ಇರೋದು ಸಾಮಾನ್ಯ. ಎಕ್ಸ್-ರೇ ನಾರ್ಮಲ್ ಅಂತ ಬಂದ ತಕ್ಷಣ ಓಡೋಕೆ ಹೋಗ್ಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ, ಬೇಗ ಕಾಣಿಸೋದು ಅದರಲ್ಲೇ. ಬಿರುಕು ಇದ್ರೆ ಸಾಮಾನ್ಯವಾಗಿ 6ರಿಂದ 8 ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ, ಓಟ ಇಲ್ಲ. ಕಣಕಾಲ ಮುಂಭಾಗದ ನಟ್ಟನಡುವೆ ಮೂಳೆ ಮೇಲೇ ಒಂದು ಬಿಂದು ನೋಯ್ತಿದ್ರೆ ಇನ್ನೂ ಹುಷಾರಾಗಿರಿ, ಆ ಜಾಗದ ಬಿರುಕು ನಿಧಾನಕ್ಕೆ ಕೂಡತ್ತೆ, ನಿರ್ಲಕ್ಷ್ಯ ಮಾಡಿದ್ರೆ ಪೂರ್ತಿ ಮುರಿಯೋ ಅಪಾಯವೂ ಇದೆ.

ಮೂಳೆಯ ಹೊರಬದಿಯಲ್ಲಿ, ಮುಂದುಗಡೆ, ಮಾಂಸದ ಭಾಗ ನೋಯ್ತಿದ್ಯಾ? ಅದು ಪಾದವನ್ನ ಮೇಲಕ್ಕೆ ಎತ್ತೋ ಸ್ನಾಯು. ಹಿಮ್ಮಡಿ ತುಂಬಾ ಮುಂದಕ್ಕೆ ಚಾಚಿ ಇಡೋರಿಗೆ, ಇಳಿಜಾರಲ್ಲಿ ಓಡೋರಿಗೆ, ಮತ್ತೆ ತುಂಬಾ ಜೋರಾಗಿ ನಡೆಯೋರಿಗೆ ಇದು ಬರತ್ತೆ, ಹೆಚ್ಚಿನ ಸಲ ಬರೀ ಹೊಸ ಕೆಲಸದ ಸ್ನಾಯು ನೋವು, ಒಂದೆರಡು ವಾರದಲ್ಲಿ ಹೋಗತ್ತೆ.

ಆದ್ರೆ ಅದೇ ಜಾಗದಲ್ಲಿ ಇನ್ನೊಂದು ಥರ ಇದೆ. ಓಡೋಕೆ ಶುರು ಮಾಡಿ ಪ್ರತಿ ಸಲವೂ ಹೆಚ್ಚುಕಮ್ಮಿ ಅದೇ ನಿಮಿಷಕ್ಕೆ ಕಾಲು ಹಗ್ಗದಲ್ಲಿ ಬಿಗಿದ ಹಾಗೆ ಆಗೋದು, ಪಾದ ಜೋಮು ಹಿಡಿಯೋದು, ಪಾದ ಎತ್ತೋಕಾಗ್ದೆ ಪಟ್ ಪಟ್ ಅಂತ ನೆಲಕ್ಕೆ ಬಡಿಯೋದು, ನಿಂತ್ರೆ ಹತ್ತು ಇಪ್ಪತ್ತು ನಿಮಿಷಕ್ಕೆ ಎಲ್ಲ ಮಾಯ. ಸ್ನಾಯುವನ್ನ ಸುತ್ತಿರೋ ಗಟ್ಟಿ ಪೊರೆ ಒಳಗೆ ಒತ್ತಡ ಏರೋದ್ರಿಂದ ಹೀಗಾಗತ್ತೆ, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂತಾರೆ. ಇದಕ್ಕೆ ಮನೇಲಿ ಐಸ್ ಇಟ್ಕೊಂಡು ಕೂತ್ರೆ ಪ್ರಯೋಜನ ಇಲ್ಲ, ಸ್ಪೋರ್ಟ್ಸ್ ಡಾಕ್ಟರ್‌ಗೆ ತೋರ್ಸಿ.

ಹಿಂದುಗಡೆ ಮೀನಖಂಡ ಬಿಗಿಯಾಗಿ ನೋಯೋದು ಹೊಸಬರಲ್ಲಿ ಮಾಮೂಲು, ಎರಡೂ ಕಾಲಲ್ಲಿ ಒಂದೇ ಥರ ಇದ್ದು ಎರಡು ಮೂರು ದಿನಕ್ಕೆ ಹೋದ್ರೆ ಚಿಂತೆ ಬೇಡ. ಓಡುವಾಗ ಇದ್ದಕ್ಕಿದ್ದ ಹಾಗೆ ಹಿಂದಿನಿಂದ ಯಾರೋ ಒದ್ದ ಹಾಗೆ ಆದ್ರೆ ಅದು ಸ್ನಾಯು ಹರಿದಿರೋದು ಅಥವಾ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ಕಿತ್ತಿರೋದು, ಕುಂಟ್ಕೊಂಡು ನಡೆಯೋಕೆ ಆದ್ರೂ ಅವತ್ತೇ ತೋರಿಸ್ಕೊಳ್ಳಿ. ಇನ್ನು ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಹಿಮ್ಮಡಿ ಹಿಂದೆ ಬಿಗಿ, ನಡೆದ ಮೇಲೆ ಸಡಿಲ, ಬೆರಳಲ್ಲಿ ಚಿವುಟಿದ್ರೆ ನೋವು ಅಂತಾದ್ರೆ ಅದು ಅಕಿಲಿಸ್‌ನ ನಿಧಾನಕ್ಕೆ ಶುರುವಾಗಿ ಎಳೆಯೋ ಥರದ ನೋವು, ಅದರ ಬಗ್ಗೆ ಕೆಳಗೆ ಹೇಳ್ತೀನಿ.

ಒಂದು ಎಚ್ಚರಿಕೆ ಮಾತ್ರ ಇಲ್ಲೇ ಹೇಳ್ಬಿಡ್ತೀನಿ. ಒಂದೇ ಕಾಲಿನ ಮೀನಖಂಡ ಊದ್ಕೊಂಡು, ಬಿಸಿಯಾಗಿ, ಬಣ್ಣ ಬದಲಾಗಿ, ಓಡದೇ ಇದ್ದಾಗ್ಲೂ ನೋಯ್ತಿದ್ರೆ ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರೋದೂ ಆಗಿರಬಹುದು, ಅದರಲ್ಲೂ ದೂರದ ಪ್ರಯಾಣ, ಆಪರೇಷನ್, ಹೆರಿಗೆ ಆದ ಮೇಲೆ ಅಥವಾ ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ. ಮಸಾಜ್ ಮಾಡ್ಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಟ ಕಷ್ಟ, ಎದೆ ನೋವು ಇದ್ರೆ ಎಮರ್ಜೆನ್ಸಿ. ಹಾಗೇ ಓಟ ನಿಲ್ಸಿ ಗಂಟೆಗಳಾದ್ರೂ ನೋವು ಏರ್ತಾನೇ ಇದ್ದು ಕಾಲು ಕಲ್ಲಿನ ಹಾಗೆ ಗಟ್ಟಿಯಾದ್ರೂ ಎಮರ್ಜೆನ್ಸಿನೇ.

ಶಿನ್ ಸ್ಪ್ಲಿಂಟ್ಸ್ ಅಂತ ಗೊತ್ತಾದ್ಮೇಲೆ ಮೊದಲ ಎರಡು ವಾರ

ಓಟ ಕಮ್ಮಿ ಮಾಡಿ, ಎಷ್ಟು ಅಂದ್ರೆ ನೋವು ಹೇಳಿದಷ್ಟು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಮಾರ್ಕ್ಸ್ ಕೊಡಿ. ಓಡುವಾಗ 3ರ ಒಳಗಿದ್ದು, ಓಡ್ತಾ ಓಡ್ತಾ ಏರದೇ ಇದ್ದು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಂದಿನ ದಿನಕ್ಕಿಂತ ಜಾಸ್ತಿ ಇಲ್ಲ ಅಂದ್ರೆ ಅಷ್ಟು ಓಟ ಸದ್ಯಕ್ಕೆ ಓಕೆ. ಈ ಮೂರರಲ್ಲಿ ನಾನು ಹೆಚ್ಚು ನಂಬೋದು ಮರುದಿನ ಬೆಳಿಗ್ಗೆಯನ್ನ, ಓಡುವಾಗ ಮೈ ಬಿಸಿ ಇರತ್ತೆ ಮನಸ್ಸಲ್ಲಿ ಹುಮ್ಮಸ್ಸು ಇರತ್ತೆ ಆಗ ಕೊಡೋ ಮಾರ್ಕ್ಸ್ ಸ್ವಲ್ಪ ಸುಳ್ಳೇ ಇರತ್ತೆ, ಬೆಳಿಗ್ಗೆ ಮೆಟ್ಟಿಲ ಹತ್ರ ಕಾಲು ಸುಳ್ಳು ಹೇಳಲ್ಲ.

ನಡೆಯುವಾಗ್ಲೇ ನೋಯ್ತಿದ್ರೆ ಓಟ ಪೂರ್ತಿ ಬೇಡ. ಆ ದಿನಗಳಲ್ಲಿ ಸೈಕಲ್, ಈಜು, ನೀರಲ್ಲಿ ಓಡೋದು, ಯಾವುದರಲ್ಲಿ ನೋವಿಲ್ವೋ ಅದನ್ನ ಮಾಡಿ, ಉಸಿರಿನ ಶಕ್ತಿ ಹೋಗ್ದೇ ಉಳಿಯತ್ತೆ, ಮನಸ್ಸಿಗೂ ಸಮಾಧಾನ.

ಐಸ್ ಇಡೋದ್ರಿಂದ ನೋವು ಆ ಹೊತ್ತಿಗೆ ಕಮ್ಮಿ ಆಗತ್ತೆ, ಅಷ್ಟೇ, ಮೂಳೆ ಬೇಗ ವಾಸಿಯಾಗಲ್ಲ. ಇಡ್ಬೇಕು ಅನ್ಸಿದ್ರೆ ಬಟ್ಟೆ ಸುತ್ತಿ 10-15 ನಿಮಿಷ ಇಡಿ, ಬರೀ ಚರ್ಮದ ಮೇಲೆ ಬೇಡ. ನೋವಿನ ಮಾತ್ರೆ ನುಂಗಿ ಓಡೋದು ಮಾತ್ರ ಖಂಡಿತ ಬೇಡ, ಎಚ್ಚರಿಸೋಕೆ ಬಾರಿಸೋ ಗಂಟೆಯ ಬಾಯನ್ನ ನೀವೇ ಮುಚ್ಚಿಸಿದ ಹಾಗೆ. ಫೋಮ್ ರೋಲರ್ (ಸ್ನಾಯು ಉಜ್ಜೋಕೆ ಬಳಸೋ ಉರುಳೆ), ಮಸಾಜ್ ಮೀನಖಂಡದ ಮಾಂಸಕ್ಕೆ ಹಿತ ಅನ್ಸಿದ್ರೆ ಮಾಡಿ, ಆದ್ರೆ ನೋಯೋ ಮೂಳೆಯ ಅಂಚನ್ನೇ ಗಟ್ಟಿಯಾಗಿ ಉಜ್ಜೋದು ಬೇಡ, ನಾನು ಒಂದು ವಾರ ಹಾಗೆ ಉಜ್ಜಿ ನೋವು ಜಾಸ್ತಿ ಮಾಡ್ಕೊಂಡಿದ್ದೆ. ಸ್ಟ್ರೆಚಿಂಗ್ ಬಗ್ಗೆ ಜನ ತುಂಬಾ ಹೇಳ್ತಾರೆ, ಮಾಡೋದ್ರಿಂದ ಕೆಟ್ಟದೇನಿಲ್ಲ, ಆದ್ರೆ ದಿನಕ್ಕೆ ಹತ್ತೇ ನಿಮಿಷ ಸಿಗೋದು ಅಂತಾದ್ರೆ ಅದನ್ನ ಕೆಳಗಿನ ಕೆಲಸಕ್ಕೆ ಕೊಡಿ.

ಕಾಲನ್ನ ಗಟ್ಟಿ ಮಾಡೋ ಕೆಲಸ

ಇದನ್ನೇ ಹೆಚ್ಚಿನವರು ಬಿಟ್ಟುಬಿಡೋದು, ನನಗೆ ಉಪಯೋಗ ಆಗಿದ್ದೂ ಇದೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯು ಇದೆ. ಹೊರಗೆ ಉಬ್ಬಿ ಕಾಣೋದು ಗ್ಯಾಸ್ಟ್ರಾಕ್ನೀಮಿಯಸ್, ಅದರ ಕೆಳಗೆ ಚಪ್ಪಟೆಯಾಗಿ ಅಡಗಿರೋದು ಸೋಲಿಯಸ್. ಓಡುವಾಗ ಜಾಸ್ತಿ ದುಡಿಯೋದು ಕಣ್ಣಿಗೆ ಕಾಣದ ಆ ಸೋಲಿಯಸ್, ಪ್ರತಿ ಹೆಜ್ಜೆಗೂ ಮೈತೂಕದ ಹಲವು ಪಟ್ಟು ಬಲ ಹಾಕತ್ತೆ. ಅದು ಸುಸ್ತಾದ್ರೆ ಕಣಕಾಲ ಮೂಳೆ ಜಾಸ್ತಿ ಬಾಗತ್ತೆ, ಹೌದು, ಪ್ರತಿ ಹೆಜ್ಜೆಗೂ ಮೂಳೆ ಕಣ್ಣಿಗೆ ಕಾಣದಷ್ಟು ಬಾಗತ್ತೆ, ಆ ಬಾಗುವಿಕೆಯ ಭಾರ ಬೀಳೋ ಒಳ ಅಂಚೇ ಶಿನ್ ಸ್ಪ್ಲಿಂಟ್ಸ್ ನೋಯೋ ಜಾಗ.

ಮೊದಲನೇದು, ಗೋಡೆಗೆ ಬೆರಳ ತುದಿ ತಾಗಿಸಿ ನಿಂತು, ಮಂಡಿ ನೇರ ಇಟ್ಟು, ಹಿಮ್ಮಡಿ ಎತ್ತೋದು. ಎರಡು ಎಣಿಸ್ತಾ ಮೇಲೆ, ತುದೀಲಿ ಒಂದು ಎಣಿಕೆ ನಿಲ್ಲಿ, ಮೂರು ಎಣಿಸ್ತಾ ಕೆಳಗೆ. ಧೊಪ್ ಅಂತ ಬಿಡ್ಬೇಡಿ, ಇಳಿಯೋದ್ರಲ್ಲೇ ಅರ್ಧ ಲಾಭ ಇರೋದು. ಮೇಲೆ ಹೋಗುವಾಗ ಭಾರ ಹೆಬ್ಬೆರಳಿನ ಬುಡದ ಕಡೆ ಇರಲಿ, ಕಿರುಬೆರಳ ಕಡೆ ಹೊರಳಿ ಹೋಗೋದನ್ನ ಕನ್ನಡಿಯಲ್ಲಿ ನೋಡಿ ತಿದ್ಕೊಳ್ಳಿ. ಎರಡೂ ಕಾಲಲ್ಲಿ 12ರಂತೆ ಮೂರು ಸುತ್ತು. ಸುಲಭ ಅನ್ಸಿದಾಗ ಒಂಟಿಕಾಲಲ್ಲಿ. ನಾನು ಮೊದಲ ಸಲ ಒಂಟಿಕಾಲಲ್ಲಿ ಮಾಡಿದಾಗ ನೋವಿದ್ದ ಬಲಗಾಲಲ್ಲಿ 9 ಆಗೋ ಹೊತ್ತಿಗೆ ಹಿಮ್ಮಡಿ ನಡುಗ್ತಾ ಅರ್ಧಕ್ಕೇ ನಿಲ್ತಿತ್ತು, ಎಡಗಾಲಲ್ಲಿ 16. ಆ ವ್ಯತ್ಯಾಸ ನೋಡಿದ್ಮೇಲೆ ನೋವು ಬಲಗಡೆನೇ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಂಟಿಕಾಲಲ್ಲಿ ಪ್ರತಿ ಸಲ ಪೂರ್ತಿ ಎತ್ತರಕ್ಕೆ ಹೋಗಿ, ಮಧ್ಯೆ ಬಿಡುವು ತಗೊಳ್ದೇ 25ರ ಹತ್ತಿರ ಬರೋದನ್ನ ಗುರಿ ಇಟ್ಕೊಳ್ಳಿ, ವಯಸ್ಸಾದವರಿಗೆ ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ.

ಎರಡನೇದು ಅದೇ, ಆದ್ರೆ ಮಂಡಿ ಸ್ವಲ್ಪ ಬಗ್ಗಿಸಿ, ಬಗ್ಗಿಸಿದಲ್ಲೇ ಇಟ್ಟು. ಮಂಡಿ ಬಗ್ಗಿದ್ರೆ ಹೊರಗಿನ ಸ್ನಾಯು ಸಡಿಲ ಆಗಿ ಕೆಲಸ ಸೋಲಿಯಸ್ ಮೇಲೆ ಬೀಳತ್ತೆ. ಕುರ್ಚಿ ಮೇಲೆ ಕೂತು ತೊಡೆ ಮೇಲೆ ಭಾರದ ಬ್ಯಾಗ್ ಇಟ್ಕೊಂಡೂ ಮಾಡಬಹುದು, ನೋವು ಜಾಸ್ತಿ ಇರೋ ದಿನಗಳಲ್ಲಿ ಅದೇ ವಾಸಿ.

ಮೂರನೇದು ಮುಂದುಗಡೆ ಸ್ನಾಯುವಿಗೆ. ಬೆನ್ನು ಗೋಡೆಗೆ ಒರಗಿಸಿ, ಹಿಮ್ಮಡಿ ಗೋಡೆಯಿಂದ ಒಂದು ಅಡಿ ಮುಂದೆ ಇಟ್ಟು, ಮಂಡಿ ನೇರ ಇಟ್ಟು ಪಾದದ ಮುಂಭಾಗ ಮೇಲಕ್ಕೆ ಎತ್ತಿ ಇಳಿಸಿ. 15ರಂತೆ ಮೂರು ಸುತ್ತು. ಕೊನೆಕೊನೆಗೆ ಉರಿ ಬರತ್ತೆ, ಅದು ಸ್ನಾಯುವಿನ ಉರಿ, ಮೂಳೆ ನೋವಲ್ಲ.

ವಾರಕ್ಕೆ ಮೂರು ದಿನ ಸಾಕು, ದಿನಾ ಬೇಡ. ಸೊಂಟ ಮತ್ತೆ ತೊಡೆಗೂ ಏನಾದ್ರೂ ಒಂದೆರಡು ಸೇರಿಸ್ಕೊಂಡ್ರೆ ಒಳ್ಳೇದು. ಫಲ ಗೊತ್ತಾಗೋಕೆ 6ರಿಂದ 12 ವಾರ ಹಿಡಿಯತ್ತೆ, ಎರಡು ವಾರ ಮಾಡಿ ಏನೂ ಆಗಿಲ್ಲ ಅಂತ ಬಿಡ್ಬೇಡಿ.

ಅಕಿಲಿಸ್ ನೋವಿದ್ದೋರಿಗೆ ಇದರದ್ದೇ ಇನ್ನೊಂದು ರೂಪ ಇದೆ. ಸ್ವೀಡನ್‌ನ ಹಾಕನ್ ಆಲ್‌ಫ್ರೆಡ್‌ಸನ್ ಮತ್ತೆ ಅವರ ಜೊತೆಯವರು 1998ರಲ್ಲಿ ಪ್ರಕಟಿಸಿದ ವಿಧಾನ. ಮೆಟ್ಟಿಲ ಅಂಚಲ್ಲಿ ಪಾದದ ಮುಂಭಾಗ ಮಾತ್ರ ಇಟ್ಟು, ಎರಡೂ ಕಾಲಲ್ಲಿ ಮೇಲೆ ಹೋಗಿ, ನೋವಿರೋ ಒಂದೇ ಕಾಲಲ್ಲಿ ನಿಧಾನಕ್ಕೆ ಹಿಮ್ಮಡಿ ಇಳಿಸೋದು. ಮಂಡಿ ನೇರ ಇಟ್ಟು 15ರಂತೆ ಮೂರು ಸುತ್ತು, ಬಗ್ಗಿಸಿ ಇನ್ನು ಮೂರು ಸುತ್ತು, ದಿನಕ್ಕೆ ಎರಡು ಸಲ, 12 ವಾರ. ಲೆಕ್ಕ ಹಾಕಿದ್ರೆ ದಿನಕ್ಕೆ 180 ಆಗತ್ತೆ, ಹೊಸಬರು ಅದರ ಅರ್ಧದಿಂದ ಶುರು ಮಾಡಿದ್ರೂ ನಡೆಯತ್ತೆ. ನೋವು ಟೆಂಡನ್‌ನ ಮಧ್ಯದಲ್ಲಿರದೇ ಹಿಮ್ಮಡಿ ಮೂಳೆಗೆ ಅಂಟೋ ಜಾಗದಲ್ಲೇ ಇದ್ರೆ ಮಾತ್ರ ಹಿಮ್ಮಡಿಯನ್ನ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸ್ಬೇಡಿ, ಸಮನೆಲದ ಮೇಲೇ ಮಾಡಿ. ಇನ್ನೊಂದು ವಿಷಯ, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಥರದ ಆಂಟಿಬಯಾಟಿಕ್ ತಗೊಂಡಾಗ ಟೆಂಡನ್‌ಗೆ ತೊಂದರೆ ಆಗೋ ಸಾಧ್ಯತೆ ಇರತ್ತೆ, ಆ ಮಾತ್ರೆ ತಗೊಂಡ ಮೇಲೆ ಹಿಮ್ಮಡಿ ಹಿಂದೆ ನೋವು ಶುರುವಾದ್ರೆ ಬರೆದುಕೊಟ್ಟ ಡಾಕ್ಟರ್‌ಗೆ ತಿಳಿಸಿ.

ಮತ್ತೆ ಓಡೋಕೆ ಯಾವಾಗ, ಹೇಗೆ

ಅರ್ಧ ಗಂಟೆ ಚುರುಕಾಗಿ ನಡೆದ್ರೂ ನೋವಿಲ್ಲ, ಮರುದಿನವೂ ಇಲ್ಲ, ಹೆಬ್ಬೆರಳಿಟ್ಟು ಒತ್ತಿದ್ರೆ ಮೊದಲಿನಷ್ಟು ನೋಯಲ್ಲ, ನೋಯೋ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದ್ರೂ ಚುಚ್ಚಲ್ಲ, ಇಷ್ಟಾದ್ಮೇಲೆ ಶುರು ಮಾಡಿ. ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ, ಬಿಟ್ಟ ಜಾಗದಿಂದ ಅಲ್ಲ, ತುಂಬಾ ಹಿಂದಿನಿಂದ.

ಮೊದಲ ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಏಳೆಂಟು ಸಲ, ಒಂದು ದಿನ ಬಿಟ್ಟು ಒಂದು ದಿನ. ಮರುದಿನ ಬೆಳಿಗ್ಗೆ ಸರಿಯಿದ್ರೆ ಮುಂದಿನ ವಾರ 2 ನಿಮಿಷ ಓಟ 2 ನಿಮಿಷ ನಡಿಗೆ, ಆಮೇಲೆ 3ಕ್ಕೆ 1, ಹೀಗೆ. ಬೆಳಿಗ್ಗೆ ಸರಿಯಿಲ್ಲ ಅಂದ್ರೆ ಅದೇ ವಾರ ಇನ್ನೊಂದು ಸಲ. ಕೌಚ್ ಟು 5ಕೆ ಅಂತ, ಓಡಿ ಅಭ್ಯಾಸ ಇಲ್ಲದೋರನ್ನ 5 ಕಿಲೋಮೀಟರ್‌ವರೆಗೆ ತರೋಕೆ ತುಂಬಾ ಜನ ಫಾಲೋ ಮಾಡೋ ಪ್ಲಾನ್ ಇದ್ಯಲ್ಲ, 1996ರಲ್ಲಿ ಜಾಶ್ ಕ್ಲಾರ್ಕ್ ಮಾಡಿದ್ದು, ಅದರ ಮೊದಲ ವಾರವೂ 60 ಸೆಕೆಂಡ್ ಓಟ 90 ಸೆಕೆಂಡ್ ನಡಿಗೆ, ವಾರಕ್ಕೆ ಮೂರೇ ದಿನ. ಒಳ್ಳೇ ಪ್ಲಾನ್, ಆದ್ರೆ ಅದರಲ್ಲಿರೋ 9 ವಾರ ಅನ್ನೋದನ್ನ ವ್ರತದ ಥರ ಹಿಡ್ಕೊಳ್ಳೋರೇ ಕಾಲು ನೋಯಿಸ್ಕೊಳ್ಳೋದು. 14 ವಾರ ತಗೊಂಡ್ರೆ ಯಾರೂ ಕೇಳಲ್ಲ.

ಒಂದೇ ಸಲ ಎರಡು ವಿಷಯ ಏರಿಸ್ಬೇಡಿ. ದೂರ ಜಾಸ್ತಿ ಮಾಡೋ ವಾರ ವೇಗ ಜಾಸ್ತಿ ಮಾಡ್ಬೇಡಿ, ಹೊಸ ಶೂ ಹಾಕಿದ ವಾರ ಗುಡ್ಡ ಹತ್ತೋಕೆ ಹೋಗ್ಬೇಡಿ. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿದ್ಮೇಲೆ ಒಂದು ವಾರ ಕಮ್ಮಿ ಓಡಿ. ವಾರಕ್ಕೆ 10 ಪರ್ಸೆಂಟ್ ಏರಿಸಬಹುದು ಅನ್ನೋ ಲೆಕ್ಕ ಎಲ್ಲ ಕಡೆ ಕೇಳ್ತೀರ, ತಪ್ಪಲ್ಲ, ಆದ್ರೆ ನಿಮ್ಮ ಕಾಲಿಗೆ ಆ ಲೆಕ್ಕ ಗೊತ್ತಿಲ್ಲ. ಗಮನ ಇರಬೇಕಾಗಿದ್ದು ಒಂದೇ ದಿನದ ಓಟದ ಮೇಲೆ, ಕಳೆದ ತಿಂಗಳಲ್ಲಿ ಒಂದು ದಿನಕ್ಕೆ 4 ಕಿಲೋಮೀಟರ್‌ಗಿಂತ ಜಾಸ್ತಿ ಓಡಿಲ್ಲ ಅಂದ್ರೆ ಗೆಳೆಯರು ಕರೆದ್ರು ಅಂತ ಇದ್ದಕ್ಕಿದ್ದ ಹಾಗೆ 8ಕ್ಕೆ ಹೋಗೋದು, ಅದು ಕಾಲಿಗೆ ಬೀಳೋ ದೊಡ್ಡ ಪೆಟ್ಟು.

ವೇಗ ಹೇಗಿರ್ಬೇಕು ಅಂದ್ರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು. ಹೊಸಬರಲ್ಲಿ ಹೆಚ್ಚಿನವರು ಇದಕ್ಕಿಂತ ತುಂಬಾ ಜೋರಾಗಿ ಓಡ್ತಾರೆ.

ಹೆಜ್ಜೆ, ಶೂ, ನೆಲ

ಬಲಗಾಲು ನೆಲಕ್ಕೆ ಬೀಳೋದನ್ನ 30 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದ್ರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಸಿಗತ್ತೆ. ಅದೇ ವೇಗದಲ್ಲಿ ಹೆಜ್ಜೆಯನ್ನ ಸ್ವಲ್ಪ ಚಿಕ್ಕದು ಮಾಡಿ ಎಣಿಕೆಯನ್ನ 5ರಿಂದ 10 ಪರ್ಸೆಂಟ್ ಏರಿಸಿದ್ರೆ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಬೀಳೋ ಭಾರ ಕಮ್ಮಿ ಆಗತ್ತೆ, ಯಾಕಂದ್ರೆ ಪಾದ ಮೈಗಿಂತ ತುಂಬಾ ಮುಂದೆ ಹೋಗಿ ಬೀಳಲ್ಲ. 152 ಇದ್ದೋರು 160ಕ್ಕೆ ಬಂದ್ರೆ ಸಾಕು. 180 ಇರ್ಲೇಬೇಕು ಅಂತ ಹೇಳೋರಿದಾರೆ, ಆ ಸಂಖ್ಯೆ ಬಂದಿದ್ದು ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದ್ದರಿಂದ, ರೇಸ್ ವೇಗದಲ್ಲಿ ಓಡ್ತಿದ್ದ ಜಗತ್ತಿನ ಅತ್ಯುತ್ತಮರ ಲೆಕ್ಕ ಅದು, ನಿಧಾನಕ್ಕೆ ಓಡೋ ಹೊಸಬರಿಗೆ ನಿಯಮ ಅಲ್ಲ. ಹಿಮ್ಮಡಿ ಬಿಟ್ಟು ಪಾದದ ಮುಂಭಾಗದಲ್ಲೇ ಇಳಿಯೋಕೆ ಒಂದೇ ದಿನದಲ್ಲಿ ಬದಲಾಯ್ಸೋದೂ ಬೇಡ, ಹಾಗೆ ಮಾಡಿದ್ರೆ ಭಾರ ಮೀನಖಂಡಕ್ಕೆ ಮತ್ತೆ ಅಕಿಲಿಸ್‌ಗೆ ಹೋಗತ್ತೆ, ಒಂದು ನೋವು ಕೊಟ್ಟು ಇನ್ನೊಂದು ತಗೊಂಡ ಹಾಗೆ.

ಶೂ ಬಗ್ಗೆ ನನ್ನ ಅಭಿಪ್ರಾಯ, ಹಾಕ್ಕೊಂಡು ಓಡಿದಾಗ ಹಿತವಾಗಿರ್ಬೇಕು, ಬೆರಳಿಗೆ ಜಾಗ ಇರ್ಬೇಕು, ತೀರಾ ಸವೆದಿರಬಾರದು, ಅಷ್ಟೇ. ದಪ್ಪ ಕುಶನ್ ಶೂ ತಗೊಂಡ್ರೆ ನೋವು ಹೋಗತ್ತೆ ಅಂತ ಒಂದು ಅಂಗಡೀಲಿ ಹೇಳಿದ್ರು, ತಗೊಂಡೆ, ನೋವು ಹೋಗ್ಲಿಲ್ಲ. ಸಾಮಾನ್ಯವಾಗಿ ಒಂದು ಜೊತೆ 500ರಿಂದ 800 ಕಿಲೋಮೀಟರ್ ಬರತ್ತೆ. ಹಿಮ್ಮಡಿ ಎತ್ತರ ಕಮ್ಮಿ ಇರೋ ಚಪ್ಪಟೆ ಶೂಗೆ ಬದಲಾಗೋದಾದ್ರೆ ವಾರಕ್ಕೆ ಒಂದು ಚಿಕ್ಕ ಓಟದಿಂದ ಶುರು ಮಾಡಿ. ನೆಲದ ವಿಷಯದಲ್ಲಿ, ಗಟ್ಟಿ ನೆಲವೇ ಶತ್ರು ಅಂತೇನಿಲ್ಲ, ಮೆತ್ತಗಿರೋ ಮರಳಲ್ಲಿ ಓಡಿದ್ರೆ ಮೀನಖಂಡ ಇನ್ನೂ ಜಾಸ್ತಿ ದುಡಿಯತ್ತೆ. ಇದ್ದಕ್ಕಿದ್ದ ಹಾಗೆ ನೆಲ ಬದಲಾಯ್ಸೋದೇ ತೊಂದರೆ, ಮತ್ತೆ ಒಂದೇ ಕಡೆ ಇಳಿಜಾರಿರೋ ರಸ್ತೆ ಅಂಚಲ್ಲಿ ದಿನಾ ಅದೇ ದಿಕ್ಕಲ್ಲಿ ಓಡೋದು.

ಊಟ, ನಿದ್ದೆ, ಮುಟ್ಟು

ತೂಕ ಇಳಿಸೋಕೆ ಅಂತ ಓಟ ಶುರು ಮಾಡಿ, ಜೊತೆಗೆ ಊಟವನ್ನೂ ಅರ್ಧ ಮಾಡೋರು ತುಂಬಾ ಜನ. ಮೂಳೆ ಕಟ್ಟೋಕೆ ದೇಹಕ್ಕೆ ಶಕ್ತಿ ಬೇಕು, ಕ್ಯಾಲ್ಸಿಯಂ ಬೇಕು, ವಿಟಮಿನ್ ಡಿ ಬೇಕು, ನಿದ್ದೆ ಬೇಕು. ಬರೋ ಶಕ್ತಿ ಸಾಲದೇ ಹೋದ್ರೆ ದೇಹ ಮೊದಲು ಮೂಳೆ ರಿಪೇರಿ, ಹಾರ್ಮೋನ್ ಇಂಥದ್ದರ ಖರ್ಚು ಕಡಿತ ಮಾಡತ್ತೆ. ಹೆಣ್ಣುಮಕ್ಕಳಿಗೆ ಓಟ ಶುರು ಮಾಡಿದ್ಮೇಲೆ ಮುಟ್ಟು ತಪ್ಪೋಕೆ ಶುರುವಾದ್ರೆ ಅದನ್ನ ಫಿಟ್ ಆಗ್ತಿರೋ ಲಕ್ಷಣ ಅಂದ್ಕೊಳ್ಬೇಡಿ, ಮೂಳೆಗೆ ಅದು ಕೆಟ್ಟ ಸುದ್ದಿ, ಸ್ಟ್ರೆಸ್ ಫ್ರ್ಯಾಕ್ಚರ್ ಸಾಧ್ಯತೆ ಏರತ್ತೆ, ಡಾಕ್ಟರ್ ಹತ್ರ ಮುಚ್ಚುಮರೆ ಇಲ್ದೆ ಮಾತಾಡಿ. ಗಂಡಸರಿಗೂ ಶಕ್ತಿ ಸಾಲದೇ ಹೀಗಾಗತ್ತೆ, ಆದ್ರೆ ಅಷ್ಟು ಸ್ಪಷ್ಟ ಗುರುತು ಇರಲ್ಲ.

ಓಟ ಕಮ್ಮಿ ಮಾಡಿ, ವ್ಯಾಯಾಮ ಮಾಡಿ, ನಾಲ್ಕರಿಂದ ಆರು ವಾರ ಆದ್ರೂ ನೋವು ಒಂಚೂರೂ ಇಳಿದಿಲ್ಲ ಅಂದ್ರೆ ಫಿಸಿಯೋ ಅಥವಾ ಸ್ಪೋರ್ಟ್ಸ್ ಡಾಕ್ಟರ್‌ಗೆ ತೋರ್ಸಿ. ಹೋಗುವಾಗ ಓಡಿದ ದಿನ, ದೂರ, ನೋವಿನ ಮಾರ್ಕ್ಸ್, ಮರುದಿನ ಬೆಳಿಗ್ಗೆ ಹೇಗಿತ್ತು ಅಂತ ಬರೆದಿಟ್ಟಿರೋ ಪುಟ ತಗೊಂಡು ಹೋಗಿ, ಅವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರತ್ತೆ.

ಓಡ್ತಾ ಇರುವಾಗ್ಲೇ ಮಧ್ಯದಲ್ಲಿ ನೋವು 3 ದಾಟಿದ್ರೆ ನಿಂತು ಎರಡು ನಿಮಿಷ ನಡೀರಿ, ಮತ್ತೆ ನಿಧಾನಕ್ಕೆ ಓಡಿ ನೋಡಿ, ಮತ್ತೆ ಬಂದ್ರೆ ಆವತ್ತಿನ ಓಟ ಮುಗೀತು, ನಡ್ಕೊಂಡು ಮನೆಗೆ ಬನ್ನಿ. ಹಾಗಾಗಿ ಮೊದಲ ಕೆಲವು ವಾರ ಮನೆಯಿಂದ ದೂರ ಹೋಗದೇ ಚಿಕ್ಕ ಸುತ್ತುಗಳಲ್ಲೇ ಓಡಿ, ವಾಪಸ್ ಬರೋಕೆ ಓಡ್ಲೇಬೇಕು ಅನ್ನೋ ಪರಿಸ್ಥಿತಿ ಬರಬಾರದು. ನಾನು ಈಗ್ಲೂ ವಾರಕ್ಕೊಮ್ಮೆ, ಉದ್ದದ ಓಟದ ಹಿಂದಿನ ಸಾಯಂಕಾಲ, ಬಲಗಾಲಿನ ಆ ಅಂಗೈ ಉದ್ದದ ಗೆರೆ ಮೇಲೆ ಹೆಬ್ಬೆರಳು ಓಡಿಸ್ತೀನಿ. ಅಲ್ಲಿ ಸ್ವಲ್ಪ ಮಿಡುಕಿದ್ರೂ ನಾಳೆಯ ಓಟದಲ್ಲಿ ಮೂರನೇ ಒಂದು ಭಾಗ ಕಮ್ಮಿ ಮಾಡ್ತೀನಿ.